ನಂದಿ ಬೆಟ್ಟ ಹತ್ತಿದ್ದಾಯ್ತು, ಮಣ್ಣು ದಾರಿ ಎಲ್ಲಿದೆ?

ಪ್ರಶ್ನೆ: ಹೊಸದಾಗಿ ಎಂಟಿಬಿ (ಮೌಂಟನ್ ಬೈಕ್) ತಗೊಂಡಿದ್ದೇನೆ. ನಂದಿ ಬೆಟ್ಟಕ್ಕೆ ಹೋಗಿ ಬಂದೆ, ಪೂರ್ತಿ ಟಾರ್ ರೋಡು. ಬೆಟ್ಟ, ಹೊಳೆ, ಹಳೇ ಊರು ಮೂರೂ ಸಿಗುವ ಮಣ್ಣು ದಾರಿ ಬೆಂಗಳೂರಿನ ಸುತ್ತ ಇದೆಯಾ? ನನ್ನ ಸೈಕಲ್ಲಿಗೆ ಮುಂದೆ ಮಾತ್ರ ಸಸ್ಪೆನ್ಷನ್ ಇದೆ. ಅಷ್ಟು ಸಾಕಾ?

ಉತ್ತರ: ಇದೆ, ಬೇಕಾದಷ್ಟಿದೆ. ಸೈಕಲ್ಲೂ ಸಾಕು. ಆದರೆ ಆ ದಾರಿಯನ್ನು ಬೆಟ್ಟದ ತುದಿಯಲ್ಲಿ ಹುಡುಕಬೇಡಿ, ಬುಡದಲ್ಲಿ ಹುಡುಕಿ.

ಹೊಸಬರು ಮೊದಲು ಬೆಟ್ಟಗಳ ಪಟ್ಟಿ ಮಾಡಿಕೊಳ್ಳುತ್ತಾರೆ. ನಂದಿ, ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ. ಇವುಗಳಲ್ಲಿ ನಂದಿಗೆ 1,478 ಮೀಟರ್ ಎತ್ತರದ ತನಕ ಟಾರ್ ಹಾಕಿದ್ದಾರೆ. ಸಾವನದುರ್ಗ 1,226 ಮೀಟರಿನ ಬರೀ ಬಂಡೆ, ಅಲ್ಲಿ ಸೈಕಲ್ ಹೊರಬೇಕೇ ಹೊರತು ತುಳಿಯೋದಕ್ಕೆ ಆಗಲ್ಲ. ಉಳಿದವು ಅರಣ್ಯ ಇಲಾಖೆಯ ಅನುಮತಿ ಪಡೆದು ಕಾಲ್ನಡಿಗೆಯಲ್ಲಿ ಹತ್ತುವ ಬೆಟ್ಟಗಳು. ಹಾಗಾಗಿ ತುದಿಯ ಆಸೆ ಬಿಡಿ. ಬೆಟ್ಟದ ಸುತ್ತ ಊರಿಂದ ಊರಿಗೆ, ಕೆರೆಯಿಂದ ಕೆರೆಗೆ ಹೋಗುವ ಬಂಡಿ ದಾರಿಗಳಿವೆಯಲ್ಲ, ನಮ್ಮ ಕಡೆಯ ನಿಜವಾದ ಮೌಂಟನ್ ಬೈಕಿಂಗ್ ಇರುವುದು ಅಲ್ಲೇ.

ದಾರಿ ಹುಡುಕೋದಕ್ಕೆ ನೀರನ್ನು ಹಿಡಿದು ಹೊರಡಿ. ನಂದಿ ಬೆಟ್ಟದ ಸಾಲಿನಲ್ಲಿ ಅರ್ಕಾವತಿ ಹುಟ್ಟುತ್ತದೆ, ದಕ್ಷಿಣ ಪಿನಾಕಿನಿ ಹುಟ್ಟುತ್ತದೆ, ಉತ್ತರ ಪಿನಾಕಿನಿಯೂ ಹುಟ್ಟುತ್ತದೆ. ಒಂದು ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ, ಇನ್ನೊಂದು ಹೊಸಕೋಟೆ ಕಡೆಯಿಂದ ತಮಿಳುನಾಡಿಗೆ ಹೋಗುತ್ತದೆ, ಮತ್ತೊಂದು ಗೌರಿಬಿದನೂರು ದಾಟಿ ಆಂಧ್ರಕ್ಕೆ. ನದಿ ಅಂದ ಮಾತ್ರಕ್ಕೆ ತುಂಬಿ ಹರಿಯುವ ನೀರು ಕಾಣುತ್ತದೆ ಅಂದುಕೊಳ್ಳಬೇಡಿ. ಮೇಲ್ಭಾಗದಲ್ಲಿ ಇವು ವರ್ಷದ ಬಹುಪಾಲು ಕೆರೆಗಳ ಸಾಲು, ಅಷ್ಟೇ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಹಳೇ ಊರುಗಳೆಲ್ಲ ಈ ಸಾಲಿನ ಮೇಲೇ ಇವೆ. ದೇವಸ್ಥಾನ, ವೀರಗಲ್ಲು, ಅರಳಿಕಟ್ಟೆ ಕೆರೆ ಏರಿಯ ಆಸುಪಾಸಿನಲ್ಲೇ ಸಿಗುತ್ತವೆ. ಏರಿ ಹಿಡಿದು ಹೋದರೆ ದಾರಿ ತಾನಾಗೇ ಮುಂದಿನ ಊರು ಮುಟ್ಟಿಸುತ್ತದೆ.

ಮೊದಲ ಸಲಕ್ಕೆ ಅವತಿ ಹೇಳುತ್ತೇನೆ. ದೇವನಹಳ್ಳಿ ದಾಟಿದ ಮೇಲೆ, ಹೆದ್ದಾರಿ ಪಕ್ಕದಲ್ಲೇ ಇರುವ ಊರು. ಪಕ್ಕದ ಗುಡ್ಡ ಚಿಕ್ಕದು, ಹೆದರಿಸುವಂಥದ್ದಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಪಾಳೇಗಾರರ ಮೂಲ ಈ ಊರೇ. ಇವರಲ್ಲೊಬ್ಬ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆ ಕಟ್ಟಿಸಿದ್ದು. ಸಾಧ್ಯವಾದರೆ ಅವತಿಯವರೆಗೆ ಸೈಕಲ್ಲನ್ನು ಕಾರಿನಲ್ಲಿ ಒಯ್ಯಿರಿ. ಹೆಬ್ಬಾಳದಿಂದ ಆಚೆ ಏರ್‌ಪೋರ್ಟ್ ಗಾಡಿಗಳು ಹೋಗುವ ವೇಗಕ್ಕೆ ಕತ್ತಲಲ್ಲಿ ಆ ರಸ್ತೆ ತುಳಿಯುವುದು ನನಗೆ ಸರಿ ಕಾಣುವುದಿಲ್ಲ.

ಅವತಿಯಿಂದ ಉತ್ತರಕ್ಕೆ ಹೊರಟರೆ ದ್ರಾಕ್ಷಿ ತೋಟಗಳ ನಡುವೆ ನಂದಿ ಗ್ರಾಮ ಮುಟ್ಟಬಹುದು. ಬೆಂಗಳೂರು ನೀಲಿ ದ್ರಾಕ್ಷಿ ಅಂತ ಹೆಸರಾಗಿರುವುದು ಈ ಕಡೆಯದೇ. ನಂದಿ ಗ್ರಾಮದಲ್ಲಿ ದಯವಿಟ್ಟು ಸೈಕಲ್ ಇಳಿಯಿರಿ. ಭೋಗನಂದೀಶ್ವರ ದೇವಸ್ಥಾನದ ಮಾತು 9ನೇ ಶತಮಾನದ ಶುರುವಿನ ಶಾಸನಗಳಲ್ಲೇ ಬರುತ್ತದೆ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕಟ್ಟಿಸುತ್ತಾ ಹೋದರು. ಒಳಗಿನ ಶೃಂಗಿತೀರ್ಥ ಕಲ್ಯಾಣಿಯೇ ದಕ್ಷಿಣ ಪಿನಾಕಿನಿಯ ಮೂಲ ಅಂತ ಜನ ನಂಬುತ್ತಾರೆ. ಎಷ್ಟೋ ಜನ ಬೆಟ್ಟದ ಮೇಲೆ ಸೂರ್ಯೋದಯ ನೋಡಿ, ಬುಡದಲ್ಲಿರುವ ಇದನ್ನು ನೋಡದೇ ವಾಪಸ್ ಹೋಗುತ್ತಾರೆ. ಅದು ದೊಡ್ಡ ನಷ್ಟ.

ಅಲ್ಲಿಂದ ಇನ್ನೂ ಉತ್ತರಕ್ಕೆ, ಬೆಟ್ಟದ ಸಾಲನ್ನು ಎಡಕ್ಕಿಟ್ಟುಕೊಂಡು ಹೋದರೆ ಮುದ್ದೇನಹಳ್ಳಿ, ವಿಶ್ವೇಶ್ವರಯ್ಯನವರ ಹುಟ್ಟೂರು. ಅವರ ಸಮಾಧಿ ಇರುವುದೂ ಅಲ್ಲೇ. ಹಳ್ಳಿ ದಾರಿಗಳಲ್ಲಿ ಅವತಿಯಿಂದ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಆಗುತ್ತದೆ, ತೊಡೆಗೂ ಒಳ್ಳೇ ಕೆಲಸ.

ಇನ್ನೊಂದು ಕಡೆ ಮಾಗಡಿ ರಸ್ತೆಯದು. ಸ್ವಲ್ಪ ಕೈ ಪಳಗಿದ ಮೇಲೆ ಹೋಗಿ. ಶಿವಗಂಗೆಯಿಂದ ಬರುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರಿಗೆಂದು 1933ರಲ್ಲಿ ಮುಗಿದ ಜಲಾಶಯ ಅಲ್ಲಿದೆ. ಅಲ್ಲಿಂದ ಮಂಚನಬೆಲೆ ಜಲಾಶಯದ ತನಕ ನಮ್ಮ ಸುತ್ತಮುತ್ತ ನದಿ ಕಣಿವೆ ಅಂತ ಕರೆಯಬಹುದಾದ ಜಾಗ. ಪಶ್ಚಿಮಕ್ಕೆ ಸಾವನದುರ್ಗ ಇಡೀ ದಿನ ಕಣ್ಣಿಗೆ ಬೀಳುತ್ತಿರುತ್ತದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆ ಅದರ ಮೇಲಿದೆ. ಅದಕ್ಕೂ ಮುಂಚೆ ಅದು ಮಾಗಡಿ ಕೆಂಪೇಗೌಡರ ವಂಶದವರದ್ದು. ನಗರ ಎತ್ತರದಲ್ಲಿದೆ, ಕಣಿವೆ ತಗ್ಗಿನಲ್ಲಿದೆ ಅನ್ನೋದು ನೆನಪಿರಲಿ. ಹೋಗುವಾಗಿನ ಖುಷಿಯ ಇಳಿಜಾರೆಲ್ಲ ಬರುವಾಗ ಬಿಸಿಲಲ್ಲಿ ಏರಾಗುತ್ತದೆ. ಮಂಚನಬೆಲೆಯಲ್ಲಿ ಎಷ್ಟೇ ಸೆಕೆಯಾದರೂ ನೀರಿಗೆ ಇಳಿಯಬೇಡಿ. ಅಲ್ಲಿ ಮುಳುಗಿ ಸತ್ತವರು ತುಂಬಾ ಜನ. ಸಾವನದುರ್ಗದ ಕಾಡು ಚಿರತೆ, ಕರಡಿ ಇರುವ ಕಾಡು. ಅದರೊಳಗೆ ಸೈಕಲ್ ನುಗ್ಗಿಸಬೇಡಿ, ಅಂಚಿನ ಹಳ್ಳಿ ದಾರಿಗಳೇ ಧಾರಾಳ.

ಈಗ ಸೈಕಲ್ ವಿಷಯ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಈ ನೆಲಕ್ಕೆ ಹೇಳಿ ಮಾಡಿಸಿದ್ದು. ನೀವು ಯೋಚನೆ ಮಾಡಬೇಕಾದ್ದು ಟೈರಿನ ಬಗ್ಗೆ. ನಮ್ಮ ಬಂಡೆಗಳು ಬಿಸಿಲು ಮಳೆಗೆ ಸವೆದು ಒರಟು ಹರಳಾಗಿ ಉದುರುತ್ತವೆ. ಗಟ್ಟಿ ನೆಲದ ಮೇಲೆ ಈ ಗರಸು ಬೆರಳು ದಪ್ಪಕ್ಕೆ ಹರಡಿಕೊಂಡಿರುತ್ತದೆ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ರಾಗಿ ಕಾಳಿನ ಮೇಲೆ ಕಾಲಿಟ್ಟ ಹಾಗೆ ಚಕ್ರ ಜಾರಿಹೋಗುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಿ, ತಿರುವಿನಲ್ಲಿ ಬ್ರೇಕ್ ಬಿಟ್ಟುಬಿಡಿ. ಟೈರು 2.2 ಇಂಚಿನ ಆಸುಪಾಸು ಇರಲಿ. ಅಂಗಡಿಯಲ್ಲಿ ಗಟ್ಟಿಯಾಗಿ ತುಂಬಿಸಿ ಕೊಟ್ಟ ಗಾಳಿಯನ್ನು ಹೊರಡುವ ಮುಂಚೆ ಇಳಿಸಿ. 70 ಕಿಲೋ ಆಸುಪಾಸು ಇರುವವರಿಗೆ ಟ್ಯೂಬ್ ಇದ್ದರೆ 30 ಪಿಎಸ್ಐ, ಟ್ಯೂಬ್‌ಲೆಸ್ ಆದರೆ 25ರ ಹತ್ತಿರ ಸಾಕು.

ಟ್ಯೂಬ್‌ಲೆಸ್ ಮಾಡಿಸಿ ಅಂತ ನಾನು ಒತ್ತಿ ಹೇಳುವುದು ಮುಳ್ಳಿನ ಕಾರಣಕ್ಕೆ. ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ, ದಾರಿ ಬದಿಯಲ್ಲಿ ನೆಗ್ಗಿಲು. ನೆಗ್ಗಿಲು ಮುಳ್ಳು ಚಿಕ್ಕದು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಂತಿರುತ್ತದೆ. ಟೈರಿನಲ್ಲಿ ಕಾಣಿಸಿದರೆ ಅಲ್ಲೇ ಕೀಳಬೇಡಿ. ಮನೆಗೆ ಬಂದ ಮೇಲೆ ತೆಗೆದು, ತಕ್ಷಣ ಚಕ್ರ ತಿರುಗಿಸಿ, ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಅಲ್ಲಿಗೆ ಹರಿದು ತೂತು ಮುಚ್ಚುತ್ತದೆ. ನೀಲಗಿರಿ ತೋಪಿನಲ್ಲಿ ಬೇರೆ ಕಾಟ. ಉದುರಿದ ಗುಂಡು ಕಾಯಿಗಳು ಒಣ ಎಲೆ ಕೆಳಗೆ ಕೂತಿರುತ್ತವೆ, ಟೈರು ಅವುಗಳ ಮೇಲೆ ಉರುಳುತ್ತದೆ. ಅಲ್ಲಿ ನೇರ ಹೋಗಿ, ಹ್ಯಾಂಡಲ್ ತಿರುಗಿಸಬೇಡಿ.

ನವೆಂಬರ್, ಡಿಸೆಂಬರ್ ಬಂತೆಂದರೆ ರಾಗಿ, ಹುರುಳಿ ಒಕ್ಕಣೆ. ರೈತರು ತೆನೆ, ಬಳ್ಳಿ ರಸ್ತೆ ಮೇಲೇ ಹರಡುತ್ತಾರೆ. ಕಾರು ಬಸ್ಸು ಅದರ ಮೇಲೆ ಹೋದರೆ ಅವರಿಗೆ ಅನುಕೂಲ. ಸೈಕಲ್ಲಿಗೆ ಹಾಗಲ್ಲ. ಹುರುಳಿ ಬಳ್ಳಿ ಹಿಂದಿನ ಗೇರಿನ ಪುಟ್ಟ ಗಾಲಿಗಳಿಗೆ ಸುತ್ತಿಕೊಂಡರೆ ಗೇರು ಬದಲಿಸುವ ಡಿರೇಲರ್ ಮುರಿದು ಕಡ್ಡಿಗಳೊಳಗೆ ಹೋಗಬಹುದು. ಇಳಿದು ತಳ್ಳಿಕೊಂಡು ದಾಟಿ. ಮಾತಾಡಿಸಿದರೆ ಅವರೇ ಮುಂದಿನ ಊರಿಗೆ ಒಳದಾರಿ ಹೇಳುತ್ತಾರೆ, ಮ್ಯಾಪಿನಲ್ಲಿ ಇಲ್ಲದ್ದು.

ಒಳ್ಳೇ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ. ಮಳೆ ಬಿದ್ದು ಒಂದೆರಡು ದಿನ ಆದ ಗರಸು ನೆಲದಷ್ಟು ಹಿಡಿತ ಬೇರೆ ಯಾವಾಗಲೂ ಸಿಗುವುದಿಲ್ಲ. ಆದರೆ ಮಳೆ ನಿಂತ ತಕ್ಷಣ ಕೆಂಪು ಮಣ್ಣಿಗೆ ಇಳಿದರೆ ಚಕ್ರ, ಫೋರ್ಕಿನ ನಡುವೆ ಮೆತ್ತಿಕೊಂಡು ಸೈಕಲ್ ನಿಂತೇ ಹೋಗುತ್ತದೆ, ಹಳ್ಳಿಯವರ ದಾರಿಯೂ ಕೆಡುತ್ತದೆ.

ದಾರಿ ಯಾರದು ಅನ್ನೋ ಪ್ರಶ್ನೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಗ್ರಾಮ ನಕಾಶೆಯಲ್ಲಿ ಬಂಡಿ ದಾರಿ ಅಂತ ಗುರುತಾಗಿದ್ದರೆ ಅದು ಎಲ್ಲರದು. ಮಿಕ್ಕ ಎಷ್ಟೋ ಜಾಡುಗಳು ಯಾರದೋ ಹೊಲದ ಬದು. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಖಾಸಗಿಯೋ ಸರ್ಕಾರಿಯೋ ತಿಳಿಯುತ್ತದೆ. ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಬಿತ್ತಿದ ಹೊಲಕ್ಕೆ ಇಳಿಯಬೇಡಿ, ಹನಿ ನೀರಾವರಿ ಪೈಪ್ ಅಡ್ಡ ಬಂದರೆ ಸೈಕಲ್ ಎತ್ತಿ ದಾಟಿ, ಬೇಲಿ ಬಾಗಿಲು ತೆರೆದರೆ ಮುಚ್ಚಿ. ಹೆಸರಘಟ್ಟದ ಹುಲ್ಲುಗಾವಲಲ್ಲಂತೂ ಈಗಿರುವ ಗಾಡಿ ಜಾಡು ಬಿಟ್ಟು ಆಚೀಚೆ ಹೋಗಲೇಬೇಡಿ. ಅಲ್ಲಿನ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಒಂದು ಕಡೆ ಸೈಕಲ್ ಗುಂಪು ಬೆಳೆ ತುಳಿದರೆ ಆ ಊರಿನವರು ಮುಂದೆ ಯಾರಿಗೂ ದಾರಿ ಬಿಡುವುದಿಲ್ಲ. ಅವರ ತಪ್ಪೇನೂ ಇಲ್ಲ, ಅಲ್ವಾ?

ಮೊದಲೆರಡು ಸಲ ಒಬ್ಬರೇ ಹೋಗಬೇಡಿ. ಮೂರು ಲೀಟರ್ ನೀರು, ಪಂಪು, ಚೈನ್ ಕೊಂಡಿ, ಒಂದು ಟ್ಯೂಬು ಇಟ್ಟುಕೊಳ್ಳಿ. ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದು ಸೈಕಲ್ಲನ್ನು ನಿಮ್ಮ ಅದರ ಮಧ್ಯೆ ಇಟ್ಟುಕೊಂಡು ನಿಧಾನಕ್ಕೆ ನಡೆಯಿರಿ. ಬೆಳಕು ಹರಿಯುವ ಹೊತ್ತಿಗೆ ಅವತಿಯಲ್ಲಿದ್ದರೆ ಬಿಸಿಲು ಏರುವ ಮುಂಚೆ ನಂದಿ ಗ್ರಾಮ ಮುಟ್ಟುತ್ತೀರಿ.