ಕಿಟಕಿಯಿಲ್ಲದ ಕೋಣೆಯೊಳಗಿಂದ ವೇಗವನ್ನು ಅಳೆಯಬಹುದೇ?

ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹಾರುತ್ತಿರುವ ವಿಮಾನದಲ್ಲಿ ಕುಳಿತು ಬಾಟಲಿಯಿಂದ ಲೋಟಕ್ಕೆ ನೀರು ಸುರಿದುಕೊಳ್ಳುವಾಗ ಯಾರೂ ವಿಮಾನದ ವೇಗವನ್ನು ಲೆಕ್ಕ ಹಾಕುವುದಿಲ್ಲ. ಐದು ಸೆಂಟಿಮೀಟರ್ ಎತ್ತರದಿಂದ ನೀರು ಕೆಳಗೆ ಬೀಳಲು ಹಿಡಿಯುವ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಲೋಟ 25 ಮೀಟರ್ ಮುಂದಕ್ಕೆ ಸರಿದಿರುತ್ತದೆ. ಆದರೂ ಧಾರೆ ತಪ್ಪದೆ ಲೋಟದೊಳಕ್ಕೇ ಬೀಳುತ್ತದೆ, ಏಕೆಂದರೆ ಬಾಟಲಿಯಿಂದ ಹೊರಡುವಾಗಲೇ ನೀರಿಗೂ ಆ ವೇಗವಿರುತ್ತದೆ. ಗೆಲಿಲಿಯೋ 1632ರಲ್ಲಿಯೇ ಇದನ್ನು ಹಡಗಿನ ಒಳಕೋಣೆಯ ಉದಾಹರಣೆಯಿಂದ ವಿವರಿಸಿದ್ದರು. ಹಡಗು ಓಲಾಡದೆ ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಒಳಗೆ ಹಾರುವ ಚಿಟ್ಟೆಗಳಾಗಲಿ, ತೊಟ್ಟಿಕ್ಕುವ ನೀರಾಗಲಿ, ಬೋಗುಣಿಯಲ್ಲಿ ಈಜುವ ಮೀನುಗಳಾಗಲಿ ಹಡಗು ನಿಂತಿದೆಯೋ ಚಲಿಸುತ್ತಿದೆಯೋ ಎಂಬ ಸುಳಿವನ್ನು ಕೊಡುವುದಿಲ್ಲ.

ನೀರು, ಮೀನುಗಳಿಗೆ ಸಲ್ಲುವ ಈ ಮಾತು ಬೆಳಕಿಗೂ ಸಲ್ಲುತ್ತದೆಯೇ ಎಂಬ ಸಂಶಯ ಹತ್ತೊಂಬತ್ತನೇ ಶತಮಾನದಲ್ಲಿ ಬಲವಾಗಿತ್ತು, ಮತ್ತು ಅದು ನ್ಯಾಯವಾದ ಸಂಶಯವೇ ಆಗಿತ್ತು. ಶಬ್ದಕ್ಕೆ ಗಾಳಿ ಇರುವಂತೆ ಬೆಳಕಿನ ಅಲೆಗಳಿಗೂ ಒಂದು ಮಾಧ್ಯಮ ಬೇಕೆಂದು ಭಾವಿಸಿ ವಿಜ್ಞಾನಿಗಳು ಅದನ್ನು ಈಥರ್ ಎಂದು ಕರೆದಿದ್ದರು. ಅಂತಹ ಮಾಧ್ಯಮವಿದ್ದರೆ, ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುವ ಭೂಮಿಯ ಮೇಲೆ ಈಥರ್ ಹೊಳೆಯಂತೆ ಹರಿಯಬೇಕು. ಹೊಳೆಯಲ್ಲಿ ಅಡ್ಡಲಾಗಿ ಈಜಿ ಮರಳುವವನಿಗಿಂತ, ಅಷ್ಟೇ ದೂರವನ್ನು ಸೆಳವಿಗೆ ಎದುರಾಗಿ ಈಜಿ ಮರಳುವವನಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಿಜ್ಞಾನಿಗಳಾದ ಮೈಕೆಲ್ಸನ್ ಮತ್ತು ಮಾರ್ಲೆ ಹುಡುಕಿದ್ದು ಇದೇ ವ್ಯತ್ಯಾಸವನ್ನು. ಪಾದರಸದ ಮೇಲೆ ತೇಲುವ ಭಾರವಾದ ಕಲ್ಲಿನ ಚಪ್ಪಡಿಯ ಮೇಲೆ ಕನ್ನಡಿಗಳನ್ನು ಜೋಡಿಸಿ, ಒಂದೇ ಕಿರಣವನ್ನು ಎರಡಾಗಿ ಸೀಳಿ, ಪರಸ್ಪರ ಲಂಬವಾದ ದಿಕ್ಕುಗಳಲ್ಲಿ ಓಡಿಸಿ, ಮತ್ತೆ ಕೂಡಿಸಿದಾಗ ಮೂಡುವ ಬೆಳಕು-ಕತ್ತಲೆಯ ಪಟ್ಟಿಗಳನ್ನು ಅವರು ನೋಡಿದರು. ಚಪ್ಪಡಿಯನ್ನು ನಿಧಾನವಾಗಿ ತಿರುಗಿಸಿದಂತೆ ಪಟ್ಟಿಗಳು ಒಂದು ಪಟ್ಟಿಯ ಅಗಲದ ಸುಮಾರು 0.4 ಭಾಗದಷ್ಟು ಸರಿಯಬೇಕಿತ್ತು. ಆದರೆ ಅವು ಸರಿದದ್ದು ಇದರ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ; ಅಂದರೆ ನಿರೀಕ್ಷಿಸಿದ ಈಥರ್ ಹೊಳೆಯ ಸುಳಿವು ಸಿಗಲಿಲ್ಲ.

1905ರಲ್ಲಿ ಐನ್‌ಸ್ಟೈನ್ ಈಥರಿನ ಅಗತ್ಯವೇ ಇಲ್ಲವೆಂದರು. ಒಂದೇ ವೇಗದಲ್ಲಿ ನೇರವಾಗಿ ಚಲಿಸುವ ಎಲ್ಲ ವೀಕ್ಷಕರಿಗೂ ಭೌತನಿಯಮಗಳು ಒಂದೇ, ನಿರ್ವಾತದಲ್ಲಿ ಬೆಳಕಿನ ವೇಗವೂ ಒಂದೇ ಎಂಬುದನ್ನು ಅವರು ಆಧಾರವಾಗಿ ಇಟ್ಟುಕೊಂಡರು. ಈ ನಿಲುವಿನಲ್ಲಿ, ಅಳೆಯಲಾಗದೆ ಎಲ್ಲೋ ಅಡಗಿ ಕುಳಿತ ‘ನಿಜವಾದ ವೇಗ’ ಎಂಬುದೊಂದು ಇರುವುದೇ ಇಲ್ಲ. ಉಪಕರಣ ಇನ್ನಷ್ಟು ಸೂಕ್ಷ್ಮವಾದರೆ ಅದು ಸಿಕ್ಕೀತು ಎಂಬ ಆಸೆ ಇಂದಿಗೂ ಕೆಲವರಲ್ಲಿದೆ. ಆದರೆ 1887ರ ಉಪಕರಣಕ್ಕಿಂತ ಕೋಟಿಗಟ್ಟಲೆ ಪಟ್ಟು ಸೂಕ್ಷ್ಮವಾದ ಇಂದಿನ ಪ್ರಯೋಗಗಳಲ್ಲಿಯೂ ಅದರ ಸುಳಿವಿಲ್ಲ.

ಹಾಗಾದರೆ ಎಲ್ಲ ಚಲನೆಯೂ ಸಾಪೇಕ್ಷವೇ, ಅಂದರೆ ಬೇರೊಂದಕ್ಕೆ ಹೋಲಿಸಿ ಮಾತ್ರ ಹೇಳಬಹುದಾದದ್ದೇ ಎಂದು ಕೇಳಿದರೆ, ಉತ್ತರ ಇಲ್ಲ ಎಂದೇ ಆಗುತ್ತದೆ, ಮತ್ತು ನನ್ನ ಮಟ್ಟಿಗೆ ಈ ವಿಷಯದ ನಿಜವಾದ ಸೊಗಸು ಇರುವುದು ಇಲ್ಲಿ. ನೀರು ತುಂಬಿದ ಬಕೆಟ್ಟನ್ನು ಹಗ್ಗಕ್ಕೆ ತೂಗುಹಾಕಿ ಇದ್ದಲ್ಲೇ ತಿರುಗಿಸಿದರೆ, ನೀರೂ ಬಕೆಟ್ಟಿನೊಂದಿಗೆ ತಿರುಗತೊಡಗಿದಾಗ ಅದರ ಮೇಲ್ಮೈ ನಡುವೆ ತಗ್ಗಾಗಿ ಅಂಚಿನಲ್ಲಿ ಏರುತ್ತದೆ. ಆಗ ಬಕೆಟ್ಟಿಗೆ ಹೋಲಿಸಿದರೆ ನೀರು ನಿಶ್ಚಲ, ಆದರೂ ಅದರ ಆಕಾರವೇ ತಿರುಗುವಿಕೆಯನ್ನು ಸಾರಿ ಹೇಳುತ್ತದೆ. ನ್ಯೂಟನ್ 1687ರಲ್ಲಿ ಇದನ್ನು ನಿರಪೇಕ್ಷ ಆಕಾಶಕ್ಕೆ, ಅಂದರೆ ಯಾವ ವಸ್ತುವನ್ನೂ ಅವಲಂಬಿಸದೆ ತಾನಾಗಿಯೇ ಇರುವ ನಿಶ್ಚಲ ಅವಕಾಶಕ್ಕೆ ಸಾಕ್ಷಿಯೆಂದು ಮುಂದಿಟ್ಟರು. ಅದನ್ನು ಒಪ್ಪದ ಹತ್ತೊಂಬತ್ತನೇ ಶತಮಾನದ ಆಸ್ಟ್ರಿಯಾದ ಭೌತವಿಜ್ಞಾನಿ ಮಾಖ್, ದೂರದ ನಕ್ಷತ್ರಗಳೇ ಇಲ್ಲದಿದ್ದರೆ ನೀರು ಹೀಗೆ ಏರುತ್ತದೆಯೆಂದು ಯಾರು ಹೇಳಬಲ್ಲರು ಎಂಬ ಅರ್ಥದ ಪ್ರಶ್ನೆಯನ್ನು ಎತ್ತಿದರು. ಆ ಚರ್ಚೆ ಪೂರ್ತಿ ಮುಗಿದಿಲ್ಲ.

ಬೆಳಕೂ ತಿರುಗುವಿಕೆಯನ್ನು ಪತ್ತೆ ಹಚ್ಚುತ್ತದೆ. ಒಂದು ಸುತ್ತುದಾರಿಯಲ್ಲಿ ಎರಡು ಕಿರಣಗಳನ್ನು ವಿರುದ್ಧ ದಿಕ್ಕುಗಳಲ್ಲಿ ಕಳಿಸಿ, ಆ ದಾರಿಯನ್ನೇ ತಿರುಗಿಸಿದರೆ, ಅವು ಹೊರಟ ಜಾಗಕ್ಕೆ ಬೇರೆ ಬೇರೆ ಹೊತ್ತಿಗೆ ಮರಳುತ್ತವೆ. ಫ್ರಾನ್ಸಿನ ಸಾನ್ಯಾಕ್ 1913ರಲ್ಲಿ ಇದನ್ನು ತೋರಿಸಿದರು. 1925ರಲ್ಲಿ ಇದೇ ಮೈಕೆಲ್ಸನ್, ಗೇಲ್ ಅವರೊಂದಿಗೆ ಸೇರಿ, ಸುಮಾರು 612 ಮೀಟರ್ ಉದ್ದ ಮತ್ತು 339 ಮೀಟರ್ ಅಗಲದ ಆಯತಾಕಾರದಲ್ಲಿ ಗಾಳಿ ತೆಗೆದ ಕೊಳವೆಗಳನ್ನು ಹಾಸಿ, ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದನ್ನು ಬೆಳಕಿನಿಂದಲೇ ಅಳೆದರು. ಭೂಮಿ ಸಾಗುವ ವೇಗದ ಬಗ್ಗೆ ಏನನ್ನೂ ಹೇಳದ ಬೆಳಕು, ಅದೇ ಭೂಮಿಯ ತಿರುಗುವಿಕೆಯನ್ನು ಅವರಿಗೆ ಹೇಳಿತು. ಇಂದು ಅನೇಕ ವಿಮಾನಗಳಲ್ಲಿರುವ, ತಿರುಗುವಿಕೆಯನ್ನು ಅಳೆಯುವ ಲೇಸರ್ ಗೈರೋಸ್ಕೋಪುಗಳು ಕೆಲಸ ಮಾಡುವುದು ಈ ತತ್ತ್ವದ ಮೇಲೆಯೇ.

ಇನ್ನು, ವಿಶ್ವದ ಆರಂಭಕಾಲದಿಂದ ಉಳಿದುಬಂದು ಇಡೀ ವಿಶ್ವವನ್ನು ತುಂಬಿರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣದ ಮಾತು. ಅದರ ಸರಾಸರಿ ತಾಪ 2.725 ಕೆಲ್ವಿನ್, ಸಿಂಹ ರಾಶಿಯ ಕಡೆಗೆ ಅದು ಸುಮಾರು 0.0034 ಕೆಲ್ವಿನ್ ಹೆಚ್ಚಾಗಿಯೂ, ಎದುರು ದಿಕ್ಕಿನಲ್ಲಿ ಅಷ್ಟೇ ಕಡಿಮೆಯಾಗಿಯೂ ಕಾಣುತ್ತದೆ. ಸೌರವ್ಯೂಹ ಆ ವಿಕಿರಣಕ್ಕೆ ಹೋಲಿಸಿದರೆ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ. ಇದನ್ನು ನಿರಪೇಕ್ಷ ವೇಗವೆಂದು ಕರೆಯುವವರಿದ್ದಾರೆ, ಆದರೆ ಅದು ಸರಿಯಲ್ಲ; ಇದು ಕಿಟಕಿ ತೆರೆದು, ಹೊರಗಿನ ಬೆಳಕಿಗೆ ಹೋಲಿಸಿ ಪಡೆದ ವೇಗ. ಕೋಣೆಯ ಗೋಡೆಗಳಿಗೆಲ್ಲ ಲೋಹದ ತಗಡು ಹೊದಿಸಿ ಆ ವಿಕಿರಣವನ್ನು ತಡೆದರೆ 370 ಎಂಬ ಅಂಕಿ ಸಿಗುವ ದಾರಿಯೇ ಇರುವುದಿಲ್ಲ. ಅದೇ ಕೋಣೆಯಲ್ಲಿಟ್ಟ ಲೇಸರ್ ಗೈರೋಸ್ಕೋಪು ಮಾತ್ರ ಭೂಮಿ ಗಂಟೆಗೆ ಸುಮಾರು 15 ಡಿಗ್ರಿಯಷ್ಟು ತಿರುಗುತ್ತಿರುವುದನ್ನು ಆಗಲೂ ತೋರಿಸುತ್ತಲೇ ಇರುತ್ತದೆ.