“ಎಲ್ಲಾ ಒಂದೇ ಬಣ್ಣ ಇರ್ಬೇಕು ಸಾರ್”

ಇಟಲಿಯ ಕೈಕೆಲಸದ ಟೆರಾಕೋಟಾ ನೆಲ ಬೇಕೆಂದು ನನ್ನ ಹತ್ತಿರ ಬರುವವರು ವರ್ಷಕ್ಕೆ ನಾಲ್ಕೈದು ಮನೆಯವರು. ಬಿಲ್ಲೆಯನ್ನು ಕೈಗೆ ತಗೊಂಡು, ಸವರಿ, ಖುಷಿಪಟ್ಟು, ಕೊನೆಗೆ ಅವರೆಲ್ಲ ಹೇಳುವುದು ಒಂದೇ: “ಎಲ್ಲಾ ಇದೇ ಬಣ್ಣ ಇರ್ಬೇಕು ಸಾರ್.” ಒಂದೇ ಬಣ್ಣ ಬೇಕಿದ್ದರೆ ವಿಟ್ರಿಫೈಡ್ ಟೈಲ್ಸ್ ಇದೆಯಲ್ಲ ಸ್ವಾಮಿ, ದುಡ್ಡೂ ಉಳಿಯುತ್ತದೆ!

ಅಲ್ಲಿಯವರು ಇದನ್ನು ಕೊಟ್ಟೊ ಎನ್ನುತ್ತಾರೆ. ಹಾಗೆಂದರೆ ಬೆಂದದ್ದು. ಫ್ಲಾರೆನ್ಸ್ ಪಕ್ಕದ ಇಂಪ್ರುನೇತಾ, ಒರ್ವಿಯೇತೊ ಹತ್ತಿರದ ಕಾಸ್ತೆಲ್ ವಿಸ್ಕಾರ್ದೊ ಇದಕ್ಕೆ ಹೆಸರಾದ ಊರುಗಳು. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟದ ಕೆಂಪು ಹೆಂಚು ಇಂಪ್ರುನೇತಾದ್ದು. ಸೌದೆ ಒಲೆಯಲ್ಲಿ ಬೇಯಿಸಿದ ಹತ್ತು ರೊಟ್ಟಿ ಒಂದೇ ಬಣ್ಣಕ್ಕಿರುತ್ತವೆಯೇ? ಇದೂ ಹಾಗೆಯೇ. ಗಾಳಿಯಾಡುವ ಕಡೆ ಮಣ್ಣಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಸುಣ್ಣದ ಅಂಶ ಹೆಚ್ಚಿದ್ದು ಬೆಂಕಿಯೂ ಜೋರಾಗಿ ತಗುಲಿದರೆ ಒಣಹುಲ್ಲಿನ ಹಳದಿಗೆ ತಿರುಗುತ್ತದೆ. ಗಾಳಿ ಸಾಲದ ಮೂಲೆಯಲ್ಲಿ ಕಪ್ಪು ನೆರಳು ಬೀಳುತ್ತದೆ. ಒಂದೇ ಗುಂಡಿಯ ಮಣ್ಣು, ಒಂದೇ ಗೂಡು, ಒಂದೇ ದಿನದ ಬೆಂಕಿ. ಆದರೂ ಮೂರು ಬಣ್ಣ. ಇದು ಕೊರತೆಯಲ್ಲ, ನೀವು ದುಡ್ಡು ಕೊಡುವುದೇ ಇದಕ್ಕೆ. ಅಚ್ಚಿಗೆ ಕೈಯಲ್ಲಿ ಒತ್ತಿದ ಮಣ್ಣು ಒಣಗುವಾಗ ಕುಗ್ಗುವುದೂ ಒಂದೇ ಸಮ ಅಲ್ಲ. ಸಂದು ಅಗಲ ಬಿಡಲೇಬೇಕು.

ಹಾಗಾದರೆ ನೋಡಬೇಕಾದ್ದೇನು? ಒಣಗಿದ ಬಿಲ್ಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ‘ಟಣ್’ ಎಂದರೆ ಚೆನ್ನಾಗಿ ಬೆಂದಿದೆ, ‘ದಪ್’ ಎಂದರೆ ಬೇಯದ್ದೋ ಒಳಗೆ ಬಿರುಕು ಬಿಟ್ಟದ್ದೋ ಇರಬಹುದು. ಒದ್ದೆ ಬಿಲ್ಲೆಯೂ ದಪ್ ಎನ್ನುವುದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಬೇಡಿ. ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನೆನೆಸಿಡಿ. ಒಳಗೆ ಸುಣ್ಣದ ಹರಳಿದ್ದರೆ ಅದು ನೀರು ಕುಡಿದು ಉಬ್ಬಿ, ಮೇಲಿನ ಪದರವನ್ನು ಕಿತ್ತು ಗುಳಿ ಮಾಡಬಹುದು. ಒಂದೆರಡು ಗುಳಿಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ, ಬಿಲ್ಲೆ ತುಂಬ ಎದ್ದರೆ ಲೋಡು ವಾಪಸ್. ಇನ್ನೊಂದು: ಹತ್ತು ಬಿಲ್ಲೆಗಳನ್ನು ಸಾಲಾಗಿ ಇಟ್ಟಾಗ ಅದೇ ಗುಳಿ ಅದೇ ಜಾಗದಲ್ಲಿ ಕಂಡರೆ, ‘ಕೈಕೆಲಸ’ ಮಾಡಿದ್ದು ಯಂತ್ರ.

ಬೆಂಗಳೂರಿನ ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ ಕೆಲಸ ನಡೆಯುವಾಗ ನಾನು ಎರಡು ದಿನ ಊರಲ್ಲಿರಲಿಲ್ಲ. ಮೇಷ್ಟರು, ಗಾರೆ ಮೇಸ್ತ್ರಿ ಇಬ್ಬರೂ ಶ್ರದ್ಧೆಯಿಂದ ಕೂತು ಬಿಲ್ಲೆಗಳನ್ನು ಬಣ್ಣವಾರು ಬೇರ್ಪಡಿಸಿ, ಹಳದಿಯನ್ನು ರೂಮಿಗೆ, ಕೆಂಪನ್ನು ಹಾಲಿಗೆ, ಕಪ್ಪು ನೆರಳಿನದನ್ನು ಬಾಗಿಲ ಹಿಂದಕ್ಕೆ ಹಾಕಿಬಿಟ್ಟಿದ್ದರು! ಮೂರು ಅಂಗಡಿಯಲ್ಲಿ ಸಾಲ ತಂದು ಹಾಸಿದಂತಿತ್ತು. “ನೀಟಾಗಿ ಮಾಡಿದೀವಿ ಸಾರ್” ಎಂದ ಮೇಸ್ತ್ರಿ. ಬೈಯಲು ಮನಸ್ಸು ಬರಲಿಲ್ಲ. ಎಬ್ಬಿಸುವಾಗ ಇಪ್ಪತ್ತಕ್ಕೂ ಹೆಚ್ಚು ಬಿಲ್ಲೆ ಒಡೆದವು. ಮೂರ್ನಾಲ್ಕು ಪೆಟ್ಟಿಗೆ ಒಟ್ಟಿಗೆ ಬಿಚ್ಚಿ, ಬಣ್ಣ ಬೆರೆಸಿ ಹಾಕಬೇಕೆಂದು ಮೊದಲೇ ಬರೆದುಕೊಡದಿದ್ದದ್ದು ನನ್ನ ತಪ್ಪೇ.

ಆಮೇಲೆ ನಾನು ಸ್ಯಾಂಪಲ್ ಎಂದು ಒಂದೇ ಬಿಲ್ಲೆ ತೋರಿಸುವುದನ್ನು ಬಿಟ್ಟೆ. ಹನ್ನೆರಡನ್ನು ನೆಲಕ್ಕೆ ಹರಡಿ, ಕಾಫಿ ಕೊಟ್ಟು, ನೋಡುತ್ತಾ ಕೂತಿರಿ ಎನ್ನುತ್ತೇನೆ. ಹೋದ ವಾರ ಬಂದಿದ್ದ ಒಬ್ಬರು ಕಾಫಿ ಮುಗಿಸಿ, ಬಗ್ಗಿ ಒಂದನ್ನು ಎತ್ತಿಕೊಂಡು ಕೇಳಿದರು: “ಇದು ಎಷ್ಟು ಸಿಗುತ್ತೆ ಸಾರ್?”