ನಾಳೆಯ ಕಾರಿನಲ್ಲಿ ಮೊದಲು ಬ್ರೇಕ್ ನೋಡಿ

ಚಿಕ್ಕಮಗಳೂರಿನ ನಮ್ಮ ವರ್ಕ್‌ಶಾಪ್‌ಗೆ ಬರುವ ಎಲೆಕ್ಟ್ರಿಕ್ ಕಾರಿನವರು ಸಾಮಾನ್ಯವಾಗಿ ಕೇಳುವುದು ಬ್ಯಾಟರಿ ಎಷ್ಟು ದೊಡ್ಡದಿರಬೇಕು ಅಂತ. ಅವರಿಗೆ ನಾನು ಮರ್ಸಿಡಿಸ್‌ನ ವಿಷನ್ ಇಕ್ಯೂಎಕ್ಸ್‌ಎಕ್ಸ್ ಬಗ್ಗೆ ಹೇಳುತ್ತೇನೆ. 2022ರಲ್ಲಿ ತೋರಿಸಿದ ಕಾನ್ಸೆಪ್ಟ್ ಕಾರು ಅದು, ಮಾರಾಟಕ್ಕಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಜರ್ಮನಿಯಿಂದ ಆಲ್ಪ್ಸ್ ದಾಟಿ ಫ್ರಾನ್ಸಿನ ಕಡಲತೀರದವರೆಗೆ, ಒಂದೇ ಚಾರ್ಜ್‌ನಲ್ಲಿ 1,000 ಕಿ.ಮೀ.ಗಿಂತ ಜಾಸ್ತಿ ಓಡಿತು. ಬ್ಯಾಟರಿ 100 ಯೂನಿಟ್‌ಗಿಂತ ಸ್ವಲ್ಪ ಕಡಿಮೆ. 100 ಕಿ.ಮೀ.ಗೆ ಖರ್ಚಾಗಿದ್ದು ಬರೀ 8.7 ಯೂನಿಟ್!

ಫೋಟೊ ನೋಡಿದವರ ಕಣ್ಣು ಆಕಾರದ ಮೇಲೇ ನಿಲ್ಲುತ್ತದೆ. ಹಿಂಬದಿ ನೀರಹನಿಯ ಬಾಲದ ಹಾಗೆ ಸಪೂರ. ಗಾಳಿ ತಡೆಯ ಅಂಕ 0.17; ಈ ಅಂಕ ಕಡಿಮೆಯಾದಷ್ಟೂ ಕಾರು ಗಾಳಿಯನ್ನು ಸುಲಭವಾಗಿ ಸೀಳುತ್ತದೆ. ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ಇದು ದೊಡ್ಡ ಲಾಭ, ಯಾಕೆಂದರೆ ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಚಾರ್ಮಾಡಿ ತಿರುವುಗಳಲ್ಲಿ 30ರ ವೇಗದಲ್ಲಿ ಹೋಗುವಾಗ ಅಷ್ಟೇನೂ ಲಾಭವಿಲ್ಲ. ಆ ಕಾರಿನ ಚಾವಣಿಯ ಸೋಲಾರ್ ಪ್ಯಾನೆಲ್ ಕೂಡ ನಮ್ಮ ಮಳೆಗಾಲದಲ್ಲಿ ನಂಬುವಂಥದ್ದಲ್ಲ.

ಘಟ್ಟದವರು ನೋಡಬೇಕಾದ್ದು ಬ್ರೇಕ್. ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ ಕಾರನ್ನು ಹಿಡಿಯುತ್ತದೆ, ಕರೆಂಟು ಬ್ಯಾಟರಿಗೆ ವಾಪಸ್ ಹೋಗುತ್ತದೆ. ಮುಳ್ಳಯ್ಯನಗಿರಿ ಕಡೆಯಿಂದ ಊರಿಗೆ ಸುಮಾರು 800 ಮೀಟರ್ ಇಳಿತ ಅಂದುಕೊಳ್ಳಿ. ಎರಡು ಟನ್ ತೂಕದ ಕಾರು ಅಷ್ಟು ಇಳಿದರೆ 4.4 ಯೂನಿಟ್‌ನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಅರ್ಧ ಮರಳಿ ಸಿಕ್ಕರೂ, ಆ ಕಾರಿನ ಲೆಕ್ಕದಲ್ಲಿ ಇನ್ನೂ 25 ಕಿ.ಮೀ. ಓಡಬಹುದು. ಪೆಟ್ರೋಲ್ ಕಾರಿನಲ್ಲಿ ಇದೆಲ್ಲ ಸುಮ್ನೆ ಬಿಸಿಯಾಗಿ ಹೋಗುತ್ತದೆ ಅಲ್ವಾ?

ಆದರೆ ಗಿರಿಯ ಮೇಲಿನ ಹೋಮ್‌ಸ್ಟೇಯಲ್ಲಿ ರಾತ್ರಿಯಿಡೀ 100%ಗೆ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಕರೆಂಟು ಹಾಕಲು ಜಾಗವಿರುವುದಿಲ್ಲ. ಮೋಟಾರಿನ ಹಿಡಿತ ತಗ್ಗುತ್ತದೆ, ಹೆಚ್ಚಿನ ಭಾರ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ. 80–85ಕ್ಕೆ ನಿಲ್ಲಿಸಿ.

ಇನ್ನೊಂದು ತೊಂದರೆ ನನ್ನ ಲಿಫ್ಟ್ ಮೇಲೆ ಪ್ರತಿ ಮಳೆಗಾಲ ಕಾಣುತ್ತೇನೆ. ಮೋಟಾರೇ ಕಾರು ನಿಲ್ಲಿಸುವುದರಿಂದ, ಪ್ಯಾಡ್ ಒತ್ತಿ ಹಿಡಿಯುವ ಚಕ್ರದ ಡಿಸ್ಕ್‌ಗೆ ಕೆಲಸ ಕಡಿಮೆ. ಪ್ಯಾಡ್ ಉಜ್ಜದೇ ಇದ್ದರೆ ಎರಕದ ಕಬ್ಬಿಣದ ಡಿಸ್ಕ್ ಕೆಂಪಗಾಗುತ್ತದೆ, ಅಂಚಿನಲ್ಲಿ ಪದರ ಏಳುತ್ತದೆ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಪ್ಯಾಡ್ ಮಾತ್ರ ಹೊಸದರಂತೆ ದಪ್ಪಗಿರುತ್ತದೆ. ಅದನ್ನು ನೋಡಿ ಬ್ರೇಕ್ ಚೆನ್ನಾಗಿದೆ ಅಂದುಕೊಳ್ಳುವವರೇ ಜಾಸ್ತಿ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ಮೋಟಾರ್ ಬ್ರೇಕಿಂಗ್ ಕಡಿಮೆ ಮಾಡಿಕೊಂಡು ಪೆಡಲ್ ಒತ್ತಿ ಕಾರು ನಿಲ್ಲಿಸಿ, ತುಕ್ಕು ಉಜ್ಜಿ ಹೋಗುತ್ತದೆ.

ಇಕ್ಯೂಎಕ್ಸ್‌ಎಕ್ಸ್‌ನ ಡಿಸ್ಕ್ ಅಲ್ಯೂಮಿನಿಯಂನದು. ಹಗುರ, ಹೀಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಆ ಕಾರಿನಿಂದ ಒಂದೇ ಒಂದು ಭಾಗ ಮಲೆನಾಡಿಗೆ ಬರಲಿ ಅಂದರೆ ನಾನು ಕೇಳುವುದು ಈ ಡಿಸ್ಕನ್ನೇ.